ಒಂದು ಸೀಟಿಗೆ ಇಷ್ಟು ಗದ್ದಲ ಯಾಕೆ?

ಪ್ರಶ್ನೆ: ನನ್ನ ಮಗಳು ಅಮೆರಿಕದ ವರ್ಜೀನಿಯಾದಲ್ಲಿ, ಲೌಡನ್ ಕೌಂಟಿಯಲ್ಲಿದ್ದಾಳೆ. ಅವಳ ಮನೆ ರಾಜ್ಯ ಸೆನೆಟ್‌ನ 32ನೇ ಕ್ಷೇತ್ರಕ್ಕೆ ಸೇರುತ್ತದಂತೆ. 2024ರ ನವೆಂಬರ್‌ನಲ್ಲಿ ವೋಟು ಹಾಕಿದವಳು 2025ರ ಜನವರಿಯಲ್ಲಿ ಮತ್ತೆ ಹಾಕಬೇಕಾಯಿತು. ಈ ಸೆನೆಟ್ ನಮ್ಮ ವಿಧಾನ ಪರಿಷತ್ತಿನ ಥರಾನಾ? ಒಂದು ಸೀಟಿಗೆ ಅಷ್ಟು ಗದ್ದಲ ಯಾಕೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಪರಿಷತ್ತಿನ ಥರ ಅಲ್ಲ. ವರ್ಜೀನಿಯಾ ಸೆನೆಟ್‌ನಲ್ಲಿ 40 ಜನ. ಎಲ್ಲರನ್ನೂ ಜನರೇ ನೇರವಾಗಿ ಆರಿಸುತ್ತಾರೆ. ನಾಮಕರಣ ಸದಸ್ಯರು ಅಂತ ಯಾರೂ ಇಲ್ಲ. ಕೆಳಮನೆ ಒಪ್ಪಿದ ಮಸೂದೆಯನ್ನು ಸೆನೆಟ್ ಬೇಡ ಅಂದರೆ ಅದರ ಕಥೆ ಅಲ್ಲಿಗೇ ಮುಗಿಯಿತು.

ಉಪಚುನಾವಣೆ ಬಂದಿದ್ದು ಹೀಗೆ. ಆಗ ಸಂಸದೆಯಾಗಿದ್ದ ಜೆನಿಫರ್ ವೆಕ್ಸ್‌ಟನ್ ಅನಾರೋಗ್ಯದಿಂದ ಮತ್ತೆ ನಿಲ್ಲಲಿಲ್ಲ. 2023ರಲ್ಲಿ 32ನೇ ಕ್ಷೇತ್ರದಿಂದ ಸೆನೆಟ್‌ಗೆ ಗೆದ್ದಿದ್ದ ಸುಹಾಸ್ ಸುಬ್ರಹ್ಮಣ್ಯಂ ಆ ಜಾಗಕ್ಕೆ ನಿಂತು ಗೆದ್ದು ವಾಷಿಂಗ್ಟನ್‌ಗೆ ಹೋದರು. ಅವರು ಬಿಟ್ಟ ಸೀಟಿಗೆ ಕೆಳಮನೆಯ ಸದಸ್ಯ ಕಣ್ಣನ್ ಶ್ರೀನಿವಾಸನ್ ನಿಂತರು. ಅವರ ಕೆಳಮನೆ ಸೀಟಿಗೆ ಜೆ.ಜೆ. ಸಿಂಗ್. ಮೂವರೂ ಡೆಮಾಕ್ರಾಟರು. ಜನವರಿ 7ರಂದು ಎರಡೂ ಸೀಟುಗಳಿಗೆ ಮತದಾನವಾಯಿತು. ಹಿಂದಿನ ದಿನವಷ್ಟೇ ಹಿಮ ಸುರಿದಿತ್ತು. ಶ್ರೀನಿವಾಸನ್ ಸುಮಾರು ಶೇ. 61 ಮತ ಪಡೆದು ರಿಪಬ್ಲಿಕನ್ ಪಕ್ಷದ ಟ್ಯೂಮೆ ಹಾರ್ಡಿಂಗ್ ಅವರನ್ನು ಸೋಲಿಸಿದರು. ಸಿಂಗ್ ಕೂಡ ಗೆದ್ದರು.

ಈಗ ಗದ್ದಲದ ವಿಷಯ. ಸೆನೆಟ್‌ನಲ್ಲಿ ಡೆಮಾಕ್ರಾಟರು 21, ರಿಪಬ್ಲಿಕನ್ನರು 19. ಈ ಒಂದು ಸೀಟು ಕೈಬಿಟ್ಟಿದ್ದರೆ 20–20 ಆಗುತ್ತಿತ್ತು. ಮಾಮೂಲಿ ಮಸೂದೆಗೆ ಮತ ಸಮ ಬಿದ್ದರೆ ಸೆನೆಟ್‌ನ ಸಭಾಪತಿಯಾಗಿರುವ ಉಪರಾಜ್ಯಪಾಲರು (ಇವರನ್ನೂ ಜನರೇ ಆರಿಸುತ್ತಾರೆ) ಒಂದು ವೋಟು ಹಾಕಿ ತೀರ್ಮಾನ ಮಾಡುತ್ತಾರೆ. ಆಗ ಆ ಕುರ್ಚಿಯಲ್ಲಿದ್ದವರು ರಿಪಬ್ಲಿಕನ್ ಪಕ್ಷದ ವಿನ್ಸಮ್ ಅರ್ಲ್-ಸಿಯರ್ಸ್. ಆದರೆ ರಾಜ್ಯ ಸಂವಿಧಾನದ ತಿದ್ದುಪಡಿಗೆ ಅವರ ವೋಟೂ ಲೆಕ್ಕಕ್ಕಿಲ್ಲ. ಆಯ್ಕೆಯಾದ ಸದಸ್ಯರಲ್ಲೇ ಬಹುಮತ ಬೇಕು, ಅಂದರೆ 21. ಇಪ್ಪತ್ತಕ್ಕೆ ನಿಂತರೆ ತಿದ್ದುಪಡಿ ಬಿದ್ದ ಹಾಗೆಯೇ. ಅಧಿವೇಶನ ಶುರುವಾಗಿದ್ದು ಮತದಾನದ ಮರುದಿನ, ಜನವರಿ 8ಕ್ಕೆ. ಗರ್ಭಪಾತದ ಹಕ್ಕನ್ನು ಸಂವಿಧಾನಕ್ಕೆ ಸೇರಿಸುವ ತಿದ್ದುಪಡಿ ಅದೇ ಅಧಿವೇಶನದಲ್ಲಿ ಮೊದಲ ಸಲ ಪಾಸಾಯಿತು. ಯಾವ ತಿದ್ದುಪಡಿಯೂ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಕೆಳಮನೆಯ ಇನ್ನೊಂದು ಚುನಾವಣೆ ಆದ ಮೇಲೆ ಎರಡೂ ಮನೆ ಮತ್ತೆ ಒಪ್ಪಬೇಕು, ಕೊನೆಗೆ ಜನರ ಮತಕ್ಕೆ ಹೋಗಬೇಕು. ಚಳಿಗೆ ಹೆದರಿ ಮನೆಯಲ್ಲೇ ಕೂತವರಿಗೆ ಇದೆಲ್ಲ ಗೊತ್ತಿತ್ತಾ ಅಂತ ನನಗೆ ನಿಜವಾಗಿ ಸಂಕಟವಾಗುತ್ತದೆ.

ಇನ್ನೊಂದು ಮಾತು. ನನ್ನ ಅಣ್ಣನ ಮನೆ ಇರುವುದೂ ಪೂರ್ವ ಲೌಡನ್‌ನಲ್ಲೇ. ಅಲ್ಲಿ ಡೇಟಾ ಸೆಂಟರ್‌ಗಳು, ಅಂದರೆ ಕಂಪ್ಯೂಟರ್‌ಗಳನ್ನೇ ತುಂಬಿಟ್ಟ ಕಟ್ಟಡಗಳು, ಒಂದರ ಪಕ್ಕ ಒಂದು. ಉದ್ದಕ್ಕೂ ಬೂದು ಗೋಡೆ, ಕಿಟಕಿಯೇ ಇಲ್ಲ. ಊಟ ಮಾಡಿ ನಾಲ್ಕು ಹೆಜ್ಜೆ ಹಾಕೋಣ ಅಂತ ಹೊರಟರೆ ದೊಡ್ಡ ಫ್ಯಾನ್‌ಗಳ ಗುಂಯ್ ಅನ್ನುವ ಸದ್ದು ಬೇಲಿ ದಾಟಿ ಬರುತ್ತಲೇ ಇರುತ್ತದೆ. ಅತ್ತಿಗೆಗೆ ಅದು ರೂಢಿಯಾಗಿದೆ, ನನಗೆ ನಿದ್ದೆ ಬರಲಿಲ್ಲ. ಆ ಕಂಪನಿಗಳಿಗೆ ಮಾರಾಟ ತೆರಿಗೆಯಲ್ಲಿ ಸಿಗುವ ವಿನಾಯಿತಿ ಇರಬೇಕಾ, ಬೇಡವಾ ಅನ್ನುವುದು ರಿಚ್ಮಂಡ್‌ನಲ್ಲಿರುವ ರಾಜ್ಯದ ಶಾಸನಸಭೆಯ ಕೈಯಲ್ಲಿದೆ, ವಾಷಿಂಗ್ಟನ್ನಿನ ಕೈಯಲ್ಲಲ್ಲ. ಅಧ್ಯಕ್ಷರ ಚುನಾವಣೆಗೆ ರಾತ್ರಿಯಿಡೀ ಟಿವಿ ಮುಂದೆ ಕೂರುವ ನಮ್ಮವರು ಈ ಸೆನೆಟರ್ ಯಾರು ಅಂತ ಕೇಳಿದರೆ ತಡವರಿಸುತ್ತಾರೆ.

ನಿಮ್ಮ ಮಗಳಿಗೆ ಹೇಳಿ: ಸೆನೆಟ್‌ನ 40 ಸೀಟಿಗೂ ಮುಂದಿನ ಚುನಾವಣೆ 2027ರ ನವೆಂಬರ್‌ನಲ್ಲಿ. ಮತದಾನದ ದಿನಕ್ಕೆ ಕಾಯಲೇಬೇಕು ಅಂತಿಲ್ಲ, ವಾರಗಳ ಮುಂಚೆಯೇ ಹೋಗಿ ವೋಟು ಹಾಕಿ ಬರಬಹುದು.