ಗಿಟಾರ್ ಗುಂಯ್ ಅನ್ನುತ್ತೆ, ಪಿಕಪ್ ಬದಲಾಯಿಸ್ಲಾ?

ಹಾಸನದ ರೂಮಲ್ಲಿ ಸ್ಟ್ರಾಟ್ (ಫೆಂಡರ್ ಸ್ಟ್ರಾಟೋಕ್ಯಾಸ್ಟರ್) ಥರದ ಎಲೆಕ್ಟ್ರಿಕ್ ಗಿಟಾರ್ ನುಡಿಸ್ತೀನಿ, ಆಂಪ್ ಆನ್ ಮಾಡಿದ್ರೆ ಗುಂಯ್ ಅನ್ನುತ್ತೆ, ಪಿಕಪ್ (ತಂತಿ ಅದುರೋದನ್ನ ಹಿಡಿದು ಆಂಪ್‌ಗೆ ಕಳ್ಸೋ ಭಾಗ) ತೆಗೆದು ಹಂಬಕರ್ ಅನ್ನೋ ಎರಡು ಕಾಯಿಲ್ ಪಿಕಪ್ ಹಾಕ್ಲಾ ಅಂತ ಕೇಳಿದೀರ. ಇಂಥ ಗಿಟಾರಲ್ಲಿ ಸಾಮಾನ್ಯವಾಗಿ ಇರೋದು ಸಿಂಗಲ್ ಕಾಯಿಲ್, ಅಂದ್ರೆ ಒಂದೇ ಸುರುಳಿಯ ಪಿಕಪ್; ಅದಂದ್ಮೇಲೆ ನಮ್ಮ ಕರೆಂಟಿನ 50 ಹರ್ಟ್ಸ್ ಹಮ್ (ಆ ಗುಂಯ್ ಸದ್ದು) ಹಿಡಿದೇ ಹಿಡಿಯುತ್ತೆ, ಹಂಬಕರಲ್ಲಿ ಎರಡು ಕಾಯಿಲ್ ಒಂದಕ್ಕೊಂದು ಉಲ್ಟಾ ಇರೋದ್ರಿಂದ ಅದು ಕಟ್ ಆಗುತ್ತೆ, ಆದ್ರೆ ಆ ಗಾಜಿನಂಥ ಕ್ಲೀನ್ ಸೌಂಡೂ ಸ್ವಲ್ಪ ಹೋಗುತ್ತೆ, ನಂಗಂತೂ ಅದನ್ನ ಬಿಡೋಕೆ ಮನಸಿಲ್ಲ. ಅದಕ್ಕೇ ಸಿಂಗಲ್ ಕಾಯಿಲ್ ಸೈಜಿನ ಹಂಬಕರ್ ಬ್ರಿಜ್ (ಬಾಡಿ ಮೇಲೆ ತಂತಿ ಕೂರೋ ಜಾಗ) ಹತ್ರ ಒಂದೇ ಹಾಕ್ಸಿ, ಬಾಡಿ ಕೊರೆಯೋದೂ ಬೇಡ. ದುಡ್ಡು ಹಾಕೋ ಮುಂಚೆ ಪಿಕಪ್ ಪಕ್ಕದ ಸ್ಕ್ರೂ ಕಾಲು ಸುತ್ತು ಕಾಲು ಸುತ್ತು ತಿರುಗಿಸಿ ಹೈಟ್ ಬದಲಾಯಿಸಿ ನೋಡಿ, ಕೊನೆ ಫ್ರೆಟ್ ಒತ್ತಿದಾಗ ತಂತಿಗೂ ಪಿಕಪ್‌ಗೂ ಮಧ್ಯ ಸುಮಾರು 2 ಮಿಮೀ ಇರ್ಲಿ, ಎಷ್ಟೋ ಸಲ ಸೌಂಡ್ ಇದ್ರಲ್ಲೇ ಬಿಡಿಸ್ಕೊಳ್ಳುತ್ತೆ. ಹಮ್ ಮಾತ್ರ ಇದಕ್ಕೆ ಹೋಗಲ್ಲ.