ಕೃಷ್ಣೆ ನಿಮ್ಮ ಜಿಲ್ಲೆಯಾಗ ಹರೀತಾಳಲ್ಲ, ಬರ ಯಾಕ?

ದೋಸ್ತ, ನಮ್ಮ ಜತ್ತ ತಾಲೂಕು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯದು, ಕೃಷ್ಣೆ ಅಲ್ಲೇ ಹರಿಯೂದೂ ಖರೆ. ಆದರ ನಾವಿರೋದು ದಿನ್ನಿ ಮ್ಯಾಲೆ. ಮ್ಹೈಸಾಳದಾಗ ಕೃಷ್ಣೆಯಿಂದ ನೀರು ಎತ್ತುವ ಮೂಲ ಯೋಜನೆಯಿಂದ ಮೂಡಣ ದಿಕ್ಕಿನ ನಮ್ಮ ಕನ್ನಡ ಹಳ್ಳಿಗಳು ಹೊರಗುಳಿದವು. 2022ರಾಗ ಎರಡೂ ರಾಜ್ಯದ ಗಡಿ ಗದ್ದಲ ಎದ್ದಾಗ ಕರ್ನಾಟಕದ ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಯ ನೀರು ನಮ್ಮ ತಾಲೂಕಿನ ತಿಕ್ಕುಂಡಿ ಕೆರೆಗೆ ಬಂತು. ಗದ್ದಲ ವರ್ಷಾ ವರ್ಷಾ ಆಗೂದಿಲ್ಲಲ್ಲ.

‘ಹೊಂಡ ತೋಡಿಸ್ರಿ’ ಅಂತೀ. ತೋಡಿಸೇವಿ. ನಮ್ಮಲ್ಲಿ ಅದಕ್ಕ ಶೇತತಳೆ ಅಂತಾರ. 30×30×3 ಮೀಟರಿನದಕ್ಕ ಮಹಾರಾಷ್ಟ್ರ ಸರ್ಕಾರದ 2016ರ ಯೋಜನೆಯಾಗ 50,000 ರೂಪಾಯಿ ತನಕ ಅನುದಾನ ಇತ್ತು. ಬದಿಗೆ 1:1 ಇಳಿಜಾರು ಕೊಟ್ಟರ ಸುಮಾರು 22 ಲಕ್ಷ ಲೀಟರ್ ಹಿಡೀತದ. ಜೋಳ ಹೊಡೆ ಕಟ್ಟುವಾಗ ಎಕರೆಗೆ 5 ಸೆಂ.ಮೀ. ಒಂದೇ ನೀರು ಕೊಡಾಕ 2 ಲಕ್ಷ ಲೀಟರ್ ಸಾಕು.

ತೊಡಕು ಇರೋದು ಜಾಗದಾಗ. ಹೊಲದ ತಗ್ಗಿನ ಮೂಲ್ಯಾಗ ತೋಡಬೇಕು, ಹರಿನೀರು ಒಳಗ ಬರಾಕ ಬಾಯಿ ಬಿಡಬೇಕು, ಬಾಯಿ ಮುಂದ 2×2×1 ಮೀಟರಿನ ಹೂಳುಗುಂಡಿ ಇರಬೇಕು, ಹೆಚ್ಚಾದದ್ದು ಹೊರಗ ಹೋಗಾಕ ಒಡ್ಡಿಗಿಂತ ಅರ್ಧ ಮೀಟರ್ ಕೆಳಗ ಕೋಡಿ. ದಾಳಿಂಬ್ರಿ, ದ್ರಾಕ್ಷಿ ಮಂದಿ ಮಾಡೂದೇನು? ಬೋರಿನ ಪಕ್ಕ ದಿಬ್ಬದ ಮ್ಯಾಲೆ ತೋಡಿ, ಸುತ್ತ ಒಡ್ಡು ಏರಿಸಿ, 500 ಮೈಕ್ರಾನ್ ಪ್ಲಾಸ್ಟಿಕ್ ಹಾಳೆ ಹಾಸತಾರ. ಬಾಯೇ ಇಲ್ಲ! ಹೊಲದಾಗ ಬಿದ್ದ ಮಳಿ ಹನಿಯೂ ಒಳಗ ಬರಂಗಿಲ್ಲ, ಬೋರಿನಿಂದ ತುಂಬಬೇಕು. ನೆಲದಾಗ ತಣ್ಣಗಿದ್ದ ನೀರು ಬಿಸಿಲಿಗೆ ಬಿತ್ತು. ಬ್ಯಾಸಗಿಯಾಗ ದಿನಕ್ಕ 7 ಮಿ.ಮೀ. ಆರಿದರೂ ತುಂಬಿದ ಹೊಂಡದಿಂದ 6,300 ಲೀಟರ್ ಗಾಳಿಪಾಲು. ಬಾಜೂದವನ ಬೋರು ಬತ್ತತದ, ಅವ ಇನ್ನೂ ಆಳಕ್ಕ ಕೊರಸತಾನ. ಕೆಳಗಿನ ಕಲ್ಲಿಗೆ ಮಹಾರಾಷ್ಟ್ರ ಯಾವುದು, ಕರ್ನಾಟಕ ಯಾವುದು? ಅತ್ತಕಡೆಯವರ ಬೋರೂ ಇಳೀತದ. ಬರಕ್ಕಂತ ಕೊಟ್ಟ ರೊಕ್ಕದಾಗ ಬರ ತೋಡಿದಂಗಾತು.

ಕರಿಹೊಲದವರು ಚೌಕುಮಡಿ ಕಟ್ಟಿದರ ಹೊಂಡಕ್ಕೂ ಕಾಯಬೇಕಿಲ್ಲ. ಜುಲೈದಾಗ ಮೂರು-ನಾಲ್ಕು ಮೀಟರ್ ಚೌಕ, ಗೇಣೆತ್ತರದ ಬದು. ಸಪ್ಟೆಂಬರ್ ಮಳಿ ಅಲ್ಲೇ ಇಂಗತದ, ಮುಂದ ಬಿಳಿಜೋಳ ಬಿತ್ತೂದು. ಎಡಿಕುಂಟಿ ಹೊಡದು ಬಿರುಕು ಮುಚ್ಚತಿರಬೇಕು, ಇಲ್ಲಾಂದ್ರ ಇಂಗಿದ್ದೆಲ್ಲ ಬಿರುಕಿನಿಂದ ಆರತದ.

ಮಡಿ ಕಟ್ಟದ ವರ್ಷ ನಮ್ಮ ಮಣ್ಣು ಡೋಣಿ ಹೊಳಿ ಹಿಡಿದು ವಿಜಯಪುರಕ್ಕ ಇಳೀತದ. ಆ ಹೊಳಿ ಹುಟ್ಟೂದು ನಮ್ಮ ತಾಲೂಕಿನಾಗ. ‘ನೀವು ಯಾವ ರಾಜ್ಯದವರು’ ಅಂತ ಕೇಳೂಮುಂದ, ಈ ಹೂಳನ್ನೂ ಲೆಕ್ಕಕ್ಕ ಹಿಡಿ.