ಡಾಕ್ಟರ್ ಬರೆಯೋ ಮಾತ್ರೆ ತಾನೆ?

(ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ.)

ಆ ಹುಡುಗನನ್ನು ನನ್ನ ಹತ್ತಿರ ಸಲಹೆಗೆ ಕರೆದುಕೊಂಡು ಬಂದವರು ಅವನ ಅಕ್ಕ. ತಮ್ಮ ದೊಡ್ಡ ಪರೀಕ್ಷೆಯೊಂದಕ್ಕೆ ಓದುತ್ತಿದ್ದಾನೆ. ಊಟ ಸೇರುವುದಿಲ್ಲ, ಮಾತಾಡಿಸಿದರೆ ರೇಗುತ್ತಾನೆ. ಈಚೆಗೆ ಯಾರೋ ತನ್ನನ್ನು ಗಮನಿಸುತ್ತಿದ್ದಾರೆ ಅಂತ ಕಿಟಕಿಗೆ ಪೇಪರ್ ಅಂಟಿಸಿದ್ದಾನೆ. "ಓದಿ ಓದಿ ತಲೆ ಕೆಟ್ಟಿರಬೇಕು ಮೇಡಂ" ಅಂದರು.

ಹುಡುಗ ಸುಮ್ಮನೆ ಕೂತಿದ್ದರೂ ದವಡೆ ಮಾತ್ರ ಒಂದೇ ಸಮನೆ ಆಡುತ್ತಿತ್ತು. ಬಾಯಿ ಒಣಗಿ ಮತ್ತೆ ಮತ್ತೆ ತುಟಿ ಸವರಿಕೊಳ್ಳುತ್ತಿದ್ದ. ಕೆನ್ನೆಯ ಒಳಗೆ ಹಲ್ಲು ತಾಗಿ ಹುಣ್ಣಾಗಿದೆ ಅಂದ. ಎಷ್ಟು ಹೊತ್ತು ಓದುತ್ತೀರಿ ಅಂತ ನಾನು ಕೇಳಲಿಲ್ಲ. "ನಿದ್ದೆ ಬರೋಕೆ ಏನು ಮಾಡ್ತೀರಿ?" ಅಂತ ಕೇಳಿದೆ. ಅಕ್ಕನ ಮುಖ ನೋಡಿದ. ಅವರನ್ನು ಸ್ವಲ್ಪ ಹೊರಗೆ ಕೂರಿಸಿದ ಮೇಲೆ ಎಲ್ಲ ಹೊರಗೆ ಬಂತು.

ಗೆಳೆಯನಿಗೆ ಎಡಿಎಚ್‌ಡಿ ಇದೆ, ಅಂದರೆ ಗಮನ ನಿಲ್ಲದ, ಚಡಪಡಿಕೆಯ ತೊಂದರೆ. ಅವನಿಗೆ ಡಾಕ್ಟರ್ ಬರೆದ ಮೀಥೈಲ್‌ಫೆನಿಡೇಟ್ ಎಂಬ ಉತ್ತೇಜಕ (ಮೆದುಳನ್ನು ಚುರುಕುಗೊಳಿಸುವ) ಮಾತ್ರೆಯಲ್ಲಿ ಇವನಿಗೂ ಪಾಲು. ಮೊದಲು ಪರೀಕ್ಷೆಯ ಹಿಂದಿನ ರಾತ್ರಿಗೆ ಮಾತ್ರ ಇತ್ತು. ಆಮೇಲೆ ದಿನಾ. ಒಂದು ಸಾಲದಾದಾಗ ಎರಡು, ಮೂರು. ರಾತ್ರಿ ಕಣ್ಣು ಮುಚ್ಚದಿದ್ದರೆ ಮದ್ಯ, ಅದೂ ಸಾಲದಿದ್ದರೆ ನಿದ್ದೆ ಮಾತ್ರೆ. "ಇದು ಡ್ರಗ್ಸ್ ಅಲ್ವಲ್ಲ ಮೇಡಂ, ಡಾಕ್ಟರ್ ಬರೆಯೋ ಮಾತ್ರೆ ತಾನೆ?"

ಹೌದು, ಅದೇ ಮಾತ್ರೆ. ಆದರೆ ಡಾಕ್ಟರ್ ಕಡಿಮೆ ಡೋಸ್‌ನಿಂದ ಶುರು ಮಾಡಿ, ಬಿಪಿ, ನಾಡಿ, ತೂಕ ನೋಡಿಕೊಂಡು ಮೆಲ್ಲಗೆ ಏರಿಸುತ್ತಾರೆ. ಮನಸ್ಸಿಗೆ ಬಂದಷ್ಟು ನುಂಗಿದರೆ ಮೆದುಳಿನಲ್ಲಿ ಡೋಪಮೈನ್, ಅಂದರೆ 'ಇದು ಮತ್ತೆ ಬೇಕು' ಅನ್ನಿಸುವ ರಾಸಾಯನಿಕ, ಒಮ್ಮೆಲೇ ಏರುತ್ತದೆ. ಚಟ ಹತ್ತುವುದು ಹೀಗೆ. ಜೊತೆಗೆ ಮೈಯನ್ನು ಎಚ್ಚರದಲ್ಲಿಡುವ ನಾರ್‌ಅಡ್ರಿನಲಿನ್ ಎಂಬ ಇನ್ನೊಂದು ರಾಸಾಯನಿಕ ಏರಿ ಎದೆಬಡಿತ, ಬಿಪಿ ಹೆಚ್ಚುತ್ತವೆ, ರಕ್ತನಾಳ ಬಿಗಿಯುತ್ತದೆ. ಆಂಫೆಟಮೈನ್, ಕೊಕೇನ್‌ನಂಥ ಬೇರೆ ಉತ್ತೇಜಕಗಳದ್ದೂ ಹೆಚ್ಚುಕಮ್ಮಿ ಇದೇ ದಾರಿ. ಚಿಕ್ಕ ವಯಸ್ಸಿನವರಿಗೂ ಹೃದಯದ ಲಯ ತಪ್ಪಬಹುದು, ಹೃದಯಾಘಾತ, ಪಾರ್ಶ್ವವಾಯು ಆಗಬಹುದು. ಸಂಶಯ, ಇಲ್ಲದ್ದು ಕೇಳಿಸುವುದು, ಚರ್ಮದಡಿ ಹುಳ ಹರಿದಂತಾಗುವುದೂ ಉಂಟು. ನಿದ್ದೆಗೆಟ್ಟರೆ ಇದು ಇನ್ನೂ ಜಾಸ್ತಿ. ಕಿಟಕಿಯ ಪೇಪರ್ ಬಂದದ್ದು ಇಲ್ಲಿಂದ ಅನ್ನಿಸಿತು.

ಇಷ್ಟೆಲ್ಲ ಮಾಡಿ ಅವನಿಗೆ ಸಿಕ್ಕಿದ್ದಾದರೂ ಏನು? ಆರೋಗ್ಯವಂತರಿಗೆ ಇಂಥ ಮಾತ್ರೆ ಕೊಟ್ಟು ಕಷ್ಟದ ಲೆಕ್ಕ ಬಿಡಿಸಲು ಹೇಳಿದ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಅವರು ಹೆಚ್ಚು ಹೊತ್ತು ಹೆಣಗಿದರು, ಆದರೆ ಉತ್ತರದ ಗುಣಮಟ್ಟ ಇಳಿದಿತ್ತು. ಇದನ್ನು ಹೇಳಿದಾಗ ಹುಡುಗ ಮೊದಲ ಸಲ ನಕ್ಕ. ರಾತ್ರಿಯೆಲ್ಲ ಕೂತು ಒಂದೇ ಅಧ್ಯಾಯಕ್ಕೆ ಮೂರು ಬಣ್ಣದಲ್ಲಿ ಗೆರೆ ಎಳೆದಿದ್ದನಂತೆ.

ಸಲಹೆಗೆ ಬರುತ್ತೇನೆ. ಎದೆ ಡವಗುಟ್ಟುತ್ತದೆ ಅಂದಿದ್ದರಿಂದ ಅವತ್ತೇ ಡಾಕ್ಟರ್ ಹತ್ತಿರ ಕಳಿಸಿದೆ, ಬಿಪಿ, ಇಸಿಜಿ ಆಗಲಿ ಅಂತ. ಅಲ್ಲಿಂದ ಮನೋವೈದ್ಯರಿಗೆ. ತೆಗೆದುಕೊಂಡಿದ್ದನ್ನೆಲ್ಲ ಬಾಯಿಬಿಟ್ಟು ಹೇಳಿ ಅಂತ ಒತ್ತಿ ಹೇಳಿದೆ. ನಾಚಿಕೆಗೆ ಮುಚ್ಚಿಟ್ಟರೆ ಚಿಕಿತ್ಸೆಯೇ ದಾರಿ ತಪ್ಪುತ್ತದೆ. "ಇವತ್ತೇ ಎಲ್ಲ ಬಿಟ್ಟುಬಿಡ್ತೀನಿ" ಎಂಬ ಶಪಥವನ್ನೂ ತಡೆದೆ. ದಿನಾ ಮದ್ಯ, ನಿದ್ದೆ ಮಾತ್ರೆ ರೂಢಿಯಾದವರು ದಿಢೀರನೆ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವಿದೆ. ಯಾವುದನ್ನು ಯಾವಾಗ ಬಿಡಬೇಕೆಂದು ಡಾಕ್ಟರೇ ಹೇಳಲಿ.

ಜಾಸ್ತಿ ಮಾತಾಡಿದ್ದು ಅಕ್ಕನ ಜೊತೆ, ಅವನ ಒಪ್ಪಿಗೆ ಪಡೆದು. ಉತ್ತೇಜಕ ಬಿಟ್ಟ ಮೊದಲ ದಿನಗಳಲ್ಲಿ ಮನುಷ್ಯ ಗಟ್ಟಿ ಮಲಗುತ್ತಾನೆ, ಸಿಕ್ಕಾಪಟ್ಟೆ ತಿನ್ನುತ್ತಾನೆ, ಯಾವುದೂ ಬೇಡ ಅನ್ನುತ್ತಾನೆ. ಮನೆಯವರು ಸೋಮಾರಿತನ ಅಂತ ಬೈಯುತ್ತಾರೆ. ಬೈಯಬೇಡಿ, ನಿದ್ದೆ ಮಾಡಲಿ. ಆದರೆ ಒಂಟಿಯಾಗಿ ಬಿಡಬೇಡಿ. ಈ ಹೊತ್ತಿನಲ್ಲಿ ಖಿನ್ನತೆ ಬರುತ್ತದೆ, ಸಾಯುವ ಯೋಚನೆಯೂ ಬರಬಹುದು. "ಸಾಯಬೇಕು ಅನ್ನಿಸುತ್ತಾ?" ಅಂತ ನೇರವಾಗಿ ಕೇಳಿ, ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ತಕ್ಷಣ ಆಸ್ಪತ್ರೆಗೆ ಕರೆತನ್ನಿ. ಎದೆನೋವು, ಒಂದು ಕಡೆ ಕೈಕಾಲು ಸೋಲುವುದು, ಫಿಟ್ಸ್, ಮೈ ಸುಡುತ್ತಾ ಮಾತು ತಡವರಿಸುವುದು ಕಂಡರೂ ಒಂದು ಕ್ಷಣ ಕಾಯಬೇಡಿ.

ಈ ಚಟಕ್ಕೆಂದೇ ಸಾಬೀತಾದ ಗುಳಿಗೆಯಿಲ್ಲ. ಕೆಲಸ ಮಾಡುವುದು ಮಾತುಕತೆಯ ಚಿಕಿತ್ಸೆ, ನಿಯಮಿತ ತಪಾಸಣೆ, ಬಿಟ್ಟ ದಿನಗಳಿಗೆ ಚಿಕ್ಕಪುಟ್ಟ ಬಹುಮಾನ. ಕೊನೆಯದನ್ನು ಕೇಳಿ ಅಕ್ಕ "ಮಕ್ಕಳಿಗೆ ಚಾಕಲೇಟ್ ಕೊಟ್ಟ ಹಾಗಾ?" ಅಂದರು. ಹೆಚ್ಚುಕಮ್ಮಿ ಹಾಗೇ, ಆದರೆ ಇದಕ್ಕೆ ಒಳ್ಳೆಯ ಪುರಾವೆಯಿದೆ.

ಈ ಸಲದ ಪರೀಕ್ಷೆಯನ್ನು ಅವನು ಬಿಟ್ಟ. ನಡುವೆ ಒಮ್ಮೆ ಜಾರಿ ಮತ್ತೆ ಮಾತ್ರೆ ನುಂಗಿದ, ಮರುದಿನ ತಾನೇ ಫೋನ್ ಮಾಡಿ ಹೇಳಿದ. ಸಂಶಯ ಇಳಿದಿದೆ, ನಿದ್ದೆ ಇನ್ನೂ ಪೂರ್ತಿ ಹಳಿಗೆ ಬಂದಿಲ್ಲ. ತನಗೂ ಎಡಿಎಚ್‌ಡಿ ಇರಬಹುದಾ ಅಂತ ಕೇಳುತ್ತಿದ್ದಾನೆ. ಇರಲೂಬಹುದು. ಮಾತ್ರೆ ಬಿಟ್ಟು ನಿದ್ದೆ ಸರಿಹೋದ ಮೇಲೆ ಮನೋವೈದ್ಯರು ಅದನ್ನು ಪರೀಕ್ಷಿಸಲಿದ್ದಾರೆ.